ಕಾಯಿಲ್‌ಗೆ ಕಿವಿ ಇಲ್ಲ

ಕಳೆದ ವಾರ ಅಪ್ಪನ ರಕ್ತಪರೀಕ್ಷೆಯ ಚೀಟಿ ಹುಡುಕುತ್ತ ಕಪಾಟಿನ ಖಾನೆಯನ್ನೆಲ್ಲ ಕೆದರಿ ಹಾಕಿದ್ದೆ. ಚೀಟಿ ಸಿಗಲಿಲ್ಲ. ಸಿಕ್ಕಿದ್ದು ಒಂದು ಕಾಯಿಲ್. ಕಿರುಬೆರಳಿನ ತುದಿಯಷ್ಟು ದಪ್ಪ, ಕಬ್ಬಿಣದ ಸಣ್ಣ ತುಂಡಿನ ಮೇಲೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸುತ್ತಿದ್ದು, ಅದರ ಮೇಲೆ ಹಳದಿ ಟೇಪು. ಎರಡು ವಯರು ಹೊರಗೆ ಇಳಿಬಿದ್ದಿದ್ದವು. ಮೂಗಿನ ಹತ್ತಿರ ಹಿಡಿದೆ. ಬೆಸುಗೆ ಹಾಕುವಾಗ ಏಳುತ್ತದಲ್ಲ, ಆ ರಾಳದ ಹೊಗೆಯ ವಾಸನೆ ಇನ್ನೂ ಚೂರು ಉಳಿದಿತ್ತು. ಅಥವಾ ಉಳಿದಿದೆ ಎಂದು ನನಗೆ ಅನ್ನಿಸಿತೋ ಏನೋ… ಚೀಟಿ ಹುಡುಕುವುದನ್ನು ಅಲ್ಲಿಗೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ.

ಅದನ್ನು ಸುತ್ತಿಕೊಟ್ಟವರನ್ನು ನಾವೆಲ್ಲ ರೇಡಿಯೋ ಮಾಮ ಎನ್ನುತ್ತಿದ್ದೆವು. ಕಾರವಾರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹೂವಿನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಅವರದೊಂದು ಗೂಡು. ಒಳಗೆ ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕು. ರೇಡಿಯೋ ರಿಪೇರಿಗೆ ಬರುವವರು ಕಮ್ಮಿಯಾಗಿ ಬಹಳ ಕಾಲವಾಗಿತ್ತು. ಮಿಕ್ಸರ್, ಟಾರ್ಚು, ದೇವಸ್ಥಾನದ ಆಂಪ್ಲಿಫೈಯರ್, ಹೀಗೆ ಏನೇನೋ ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದರು. ಕಿನ್ನರ ಎಂಬ ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಮನೆಮಾತು ಕೊಂಕಣಿ. ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರೂ ‘ತಡಿ’ ಎನ್ನುವಲ್ಲಿ ಮಾತ್ರ ಅವರ ಬಾಯಿಂದ ‘ರಾವ್, ರಾವ್’ ಎಂದೇ ಬರುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಜೀವಮಾನವೆಲ್ಲ ದನಿಯ ಕೆಲಸ ಮಾಡಿದ ಆ ಮನುಷ್ಯನಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಯ ಹಿಂದೆ ಮಿಶನ್ ಸಿಕ್ಕಿಸಿಕೊಂಡಿದ್ದರು. ತಮ್ಮ ದನಿ ಎಷ್ಟು ದೊಡ್ಡದು ಎನ್ನುವುದು ತಮಗೇ ತಿಳಿಯದೆ, ಪಕ್ಕದಲ್ಲಿ ಕೂತವರೊಡನೆಯೂ ದೋಣಿಯಿಂದ ದಡಕ್ಕೆ ಕೂಗುವವರ ಹಾಗೆ ಮಾತಾಡುತ್ತಿದ್ದರು. ಹೂವಿನ ಅಂಗಡಿಯ ಬಾಯಮ್ಮ ದಿನಕ್ಕೆ ಹತ್ತು ಸಲ ಮೂಗು ಮುರಿಯುತ್ತಿದ್ದಳು.

ನಾನು ಅವರ ಹತ್ತಿರ ಹೋದದ್ದು ಅವ್ವನಿಗಾಗಿ. ಅವ್ವ ಆಗ ತೀರಿಹೋಗಿ ಒಂದು ವರ್ಷವಾಗಿತ್ತು.

ಅದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಮನೆ ಅಂಕೋಲೆಯ ಬೊಬ್ರುವಾಡದಲ್ಲಿ. ನನಗೆ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಅಪ್ಪ ಒಮ್ಮೆ ಬಾಯಿ ಓರೆಯಾಗಿ, ಎಡಗೈ ಸೋತು, ಆಸ್ಪತ್ರೆಯಲ್ಲಿದ್ದು ಬಂದಿದ್ದ. ಕೈ ಸುಧಾರಿಸಿತು. ಗುಳಿಗೆ ತಪ್ಪಿಸಿದರೆ ಮತ್ತೆ ಬರುತ್ತದೆ, ಬಂದರೆ ಈ ಸಲ ಬಿಡುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಸಂಜೆ ನಾಲ್ಕರ ಗುಳಿಗೆಯೇ ದೊಡ್ಡ ತಲೆನೋವು. ಆ ಹೊತ್ತಿಗೆ ನಾನು ಕಚೇರಿಯಲ್ಲಿ, ಅವ್ವ ಗದ್ದೆಯಲ್ಲಿ ಬಸಳೆಗೋ ಗೆಣಸಿಗೋ ನೀರು ಬಿಡುತ್ತಿರುವವಳು. ಫೋನು ಮಾಡಿ “ತಕಂಡ್ಯಾ ಅಪ್ಪ?” ಎಂದರೆ “ಹೂಂ” ಎನ್ನುತ್ತಿದ್ದ. ಮನೆಗೆ ಬಂದು ನೋಡಿದರೆ ಗುಳಿಗೆ ಇಟ್ಟಲ್ಲೇ ಇರುತ್ತಿತ್ತು. ‘ಹೂಂ’ ಎನ್ನುವುದರಲ್ಲಿ ಅಪ್ಪನದು ಎತ್ತಿದ ಕೈ.

ಕೊನೆಗೆ ಒಂದು ಭಾನುವಾರ ನಾನೇ ಒಂದು ಉಪಾಯ ಮಾಡಿದೆ. ಮನೆಯಲ್ಲಿದ್ದ ಗುಂಡಿಯ ಮೊಬೈಲಿನಲ್ಲಿ ಅವ್ವನ ದನಿ ರೆಕಾರ್ಡ್ ಮಾಡಿ, ಅದನ್ನೇ ನಾಲ್ಕು ಗಂಟೆಯ ಅಲಾರಂ ಮಾಡಿಟ್ಟೆ. ಅಂಗಳದಲ್ಲಿ ನಿಂತು, ಫೋನನ್ನು ಬಾಯಿಗೇ ತುರುಕಿಕೊಳ್ಳುವಷ್ಟು ಹತ್ತಿರ ಹಿಡಿದು, ಅವ್ವ ಹೇಳಿದ್ದು ಇಷ್ಟು.

“ಕೇಳ್ತಾ? ನಾಕ್ ಗಂಟೆ ಆತು. ಗುಳಿಗೆ ತಕಳಿ. ಬಿಳೀದು ಒಂದು, ಕೆಂಪೀದು ಅರ್ಧ. ನೀರು ಚಂಬಲ್ಲಿ ಅದೆ. ಮತ್ತೆ ಮರೂಕಾಗ… ಹೋಯ್! ಥೂ, ಈ ಕೋಳಿ ಒಂದು!”

ಮರೆಯಬಾರದು ಎನ್ನುವಷ್ಟರಲ್ಲಿ ಕೋಳಿಯೊಂದು ಒಣಹಾಕಿದ ಭತ್ತಕ್ಕೆ ಬಾಯಿ ಹಾಕಿತ್ತು. ಇನ್ನೊಮ್ಮೆ ರೆಕಾರ್ಡ್ ಮಾಡೋಣ ಎಂದೆ. “ಸಾಕು, ನಂಗೆ ಬೇರೆ ಕೆಲ್ಸ ಇಲ್ವಾ?” ಎಂದು ಹೋದಳು. ಅಪ್ಪ ಮಾತ್ರ ಅವತ್ತಿನಿಂದ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ನಾಲ್ಕಾಯಿತೆಂದರೆ ಫೋನು ಗದರುವುದು, ಅಪ್ಪ “ತಕಂಡೆ ಮಾರಾಯ್ತಿ, ತಕಂಡೆ” ಎಂದು ಉತ್ತರ ಕೊಟ್ಟು ನುಂಗುವುದು, ಕೊನೆಗೆ ಕೋಳಿಯ ಮಾತು ಬಂದಾಗ ತಾನೂ ಕೈಬೀಸಿ “ಹೋಯ್” ಎನ್ನುವುದು.

ಅವ್ವ ಜ್ವರ ಬಂದು ನಾಲ್ಕು ದಿನಕ್ಕೆ ಹೋದಳು. ಬೂದಿ ಬಿಟ್ಟು ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಬೆಳಂಬಾರದಿಂದ ಅವ್ವನ ತವರಿನವರೂ ಇದ್ದರು. ಫೋನಿನ ನೆನಪು ಯಾರಿಗೂ ಇರಲಿಲ್ಲ. ಮಾಡಿನ ಕೆಳಗಿನ ಹಲಗೆಯ ಮೇಲಿಂದ ಅದು ಒಮ್ಮೆಲೆ “ಕೇಳ್ತಾ? ನಾಕ್ ಗಂಟೆ ಆತು” ಎಂದಿತು. ಚಿಕ್ಕಮ್ಮ ಚೀರಿಕೊಂಡಳು. ಅಪ್ಪ ಯಾರ ಮುಖವನ್ನೂ ನೋಡದೆ ಎದ್ದು ಹೋಗಿ, ಬಿಳಿಯದು ಒಂದು, ಕೆಂಪಿನದು ಅರ್ಧ ತೆಗೆದುಕೊಂಡ. ಕೋಳಿಯನ್ನೂ ಓಡಿಸಿದ. ಆಮೇಲೆ ಒಳಗೆ ಹೋಗಿ ಅತ್ತ.

ಆ ಫೋನು ಮರುವರ್ಷ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಪರದೆ ಪೂರ್ತಿ ಕಪ್ಪಾಯಿತು. ಗುಂಡಿಗಳಲ್ಲಿ ಒಂದೆರಡು ಮಾತ್ರ ಉಳಿದವು. ಇಯರ್‌ಫೋನಿನ ತೂತು ಮೊದಲೇ ಉಪ್ಪುಗಾಳಿಗೆ ತುಕ್ಕು ಹಿಡಿದು ಹೋಗಿತ್ತು. ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ಕೂರದೆ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಆದರೂ ನಾಲ್ಕಕ್ಕೆ ಸರಿಯಾಗಿ ಅವ್ವ ಮಾತಾಡುತ್ತಿದ್ದಳು. ಮೂರು ಸಲ ಹೇಳಿ ಸುಮ್ಮನಾಗುತ್ತಿದ್ದಳು.

ಮೊಬೈಲ್ ಅಂಗಡಿಗಳವರು ಒಬ್ಬರಾದ ಮೇಲೆ ಒಬ್ಬರು ಇದನ್ನು ಎಸೆಯಿರಿ ಎಂದರು. ಬಿಚ್ಚಿದರೆ ಮತ್ತೆ ಹತ್ತುತ್ತದೆ ಎಂಬ ಭರವಸೆ ಇಲ್ಲ ಎಂದರು. ಮನೆಯಲ್ಲೇ ಭಾನುವಾರ ಭಾನುವಾರ ನನ್ನ ಟಚ್ ಫೋನನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಲು ನೋಡಿದೆ. ಅಪ್ಪ ಸುಮ್ಮನಿದ್ದರೆ ತಾನೆ? ಎಷ್ಟು ಹೇಳಿದರೂ ಅವ್ವನ ಮಾತಿನ ಮೇಲೇ “ತಕಂಡೆ ಮಾರಾಯ್ತಿ” ಎನ್ನುತ್ತಿದ್ದ. ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿದರೆ ಬಾವಿಯೊಳಗಿಂದ ಬಂದ ಹಾಗಿತ್ತು. ಅಪ್ಪನಿಗೆ ಕೇಳಿಸಿದೆ. “ಇದು ಅವ್ಳಲ್ಲ” ಎಂದ. ಅಷ್ಟೇ.

ಆಗ ಯಾರೋ ರೇಡಿಯೋ ಮಾಮನ ಹೆಸರು ಹೇಳಿದರು.

ಮೊದಲ ದಿನ ಕಚೇರಿಗೆ ರಜೆ ಹಾಕಿ ಫೋನು ತೆಗೆದುಕೊಂಡು ನಾನೊಬ್ಬಳೇ ಹೋದೆ. ಮಾಮ ರಬ್ಬರ್ ಬ್ಯಾಂಡ್ ಬಿಚ್ಚಿ ಉಬ್ಬಿದ ಬ್ಯಾಟರಿಯನ್ನು ನೋಡಿದರು. ಮುಟ್ಟಲಿಲ್ಲ.

“ಇದ್ನ ತೆಗೂಕಾಗ ತಂಗಿ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. “ಬ್ಯಾಟ್ರಿ ತೆಗೆದ್ರೆ ಅದಕ್ಕೆ ಟೈಮೇ ಮರ್ತು ಹೋಗ್ತದೆ. ಪರದೆ ಇಲ್ಲ, ಮತ್ತೆ ಟೈಮ್ ಇಡೂದು ಹ್ಯಾಂಗೆ? ದಿನಕ್ಕೆ ಒಂದೇ ಸಲ ಮಾತಾಡೂದು. ಆವಾಗ್ಲೇ ಹಿಡೀಬೇಕು.”

ನಾಲ್ಕರವರೆಗೆ ಕಾದೆವು. ನನ್ನ ಫೋನಿನ ಮೈಕನ್ನೇ ಅವ್ವನ ಫೋನಿಗೆ ತಾಗಿಸಿ ಹಿಡಿಯುವುದು ಎಂದಾಯಿತು. “ಕೇಳ್ತಾ?” ಎಂದಳು ಅವ್ವ. ಕೂಡಲೇ ಹೂವಿನ ಬಾಯಮ್ಮ ಇಣುಕಿ “ಯಾರದು ಮಾತಾಡೂದು?” ಎಂದಳು. ಮಾಮ ಅವಳ ಕಡೆ ತಿರುಗಿ “ರಾವ್, ರಾವ್! ಯಾರೂ ಮಾತಾಡ್ಬೇಡಿ!” ಎಂದು ಅರಚಿದರು. ಅವ್ವನ ಎರಡನೆಯ ಸರದಿಯ ಹೊತ್ತಿಗೆ ಓಣಿಗೆ ಬಂದ ರಿಕ್ಷಾ ಹಾರ್ನ್ ಹಾಕಿತು. “ಅರೇ ದೇವಾ, ಇಲ್ಲಿ ರೆಕಾರ್ಡಿಂಗ್ ನಡೀತದೆ ಕಾಣೂದಿಲ್ವಾ?” ಎಂದು ರಿಕ್ಷಾದವನಿಗೂ ಬೈದರು. ಮೂರನೆಯ ಸಲ ನನ್ನ ಕಡೆ ತಿರುಗಿ “ಬಂತಾ? ತಂಗಿ, ಬಂತಾ?” ಎಂದು ಕೇಳುತ್ತಲೇ ಇದ್ದರು. ಅಷ್ಟರಲ್ಲಿ ಅವ್ವ ಸುಮ್ಮನಾದಳು.

ಕೇಳಿ ನೋಡಿದರೆ ಅದರಲ್ಲಿ ಅವ್ವ ಎಲ್ಲಿಯೋ ಹಿಂದೆ ಗೊಣಗುತ್ತಿದ್ದಳು. ಮುಂದೆಲ್ಲ ಮಾಮನೇ. ಅಂಕೋಲೆಯ ಬಸ್ಸಿನಲ್ಲಿ ಕೂತು ಇನ್ನೊಮ್ಮೆ ಕೇಳಿದೆ. ನನಗೆ ಎಂಥ ಸಿಟ್ಟು ಬಂತೆಂದರೆ, ಬಸ್ಸು ಅಮದಳ್ಳಿ ದಾಟುವ ಮೊದಲೇ ಅದನ್ನು ಡಿಲೀಟ್ ಮಾಡಿದೆ. ಕಿವುಡನ ಹತ್ತಿರ ದನಿ ಹಿಡಿಸಲು ಹೋದ ನನಗೆ ಬುದ್ಧಿಯಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮನೆಗೆ ಬಂದರೆ ಅಪ್ಪ ಗುಳಿಗೆ ತೆಗೆದುಕೊಂಡಿರಲಿಲ್ಲ. “ಅವ್ಳು ಹೇಳ್ಲೇ ಇಲ್ಲ” ಎಂದ. ಹಠದಿಂದ ಹೇಳಿದ ಮಾತಲ್ಲ ಅದು. ನಿಜಕ್ಕೂ ನೆನಪಾಗಿರಲಿಲ್ಲ. ಆ ಫೋನು ಸತ್ತರೆ ಏನಾಗುತ್ತದೆ ಎಂದು ನನಗೆ ಅವತ್ತು ಚೆನ್ನಾಗಿ ಅರ್ಥವಾಯಿತು.

ಎರಡು ದಿನ ಬಿಟ್ಟು, ಕಚೇರಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದವಳನ್ನು ಮಾಮನೇ ಕೂಗಿ ಕರೆದರು. ಕೂಗಿದ್ದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ನಾಚಿಕೆಯಿಂದಲೇ ಹೋದೆ. ಅವರ ಕೈಯಲ್ಲಿ ಈ ಕಾಯಿಲ್ ಇತ್ತು.

“ತಪ್ಪು ನಂದೇ,” ಎಂದರು. “ದನಿ ಅಂದ್ರೆ ಗಾಳೀಲಿ ಹಿಡಿಯೂದು ಅಂದ್ಕಂಡೆ. ನನ್ನ ಕಿವೀಲಿ ಇಪ್ಪತ್ತು ವರ್ಷದಿಂದ ಇದೇ ಅದೆ, ತಲೆಗೆ ಹೋಗ್ಲೇ ಇಲ್ಲ ನೋಡು.”

ಅವರ ಕಿವಿಯ ಮಿಶನ್ನಿನಲ್ಲಿ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಒಂದು ಕಡೆಗೆ ತಳ್ಳಿದರೆ ಎಲ್ಲರಂತೆ ಸುತ್ತಲಿನ ಸದ್ದು. ಇನ್ನೊಂದು ಕಡೆಗೆ ತಳ್ಳಿದರೆ ಸುತ್ತಲಿನ ಸದ್ದೆಲ್ಲ ಬಂದ್ ಆಗಿ, ಕಿವಿಗೆ ಒತ್ತಿ ಹಿಡಿದ ಟೆಲಿಫೋನಿನ ಮಾತು ಮಾತ್ರ; ಅದನ್ನು ಹಿಡಿಯುವುದು ಮಿಶನ್ನಿನೊಳಗಿನ ಇಂಥದೇ ಒಂದು ಸಣ್ಣ ಕಾಯಿಲ್. ಅದು ಹೇಗೆಂದು ಒಂದು ಹಳೆಯ ಸ್ಪೀಕರ್ ತಿರುಗಿಸಿ ತೋರಿಸಿದರು. ಸ್ಪೀಕರಿನ ಕಾಗದದ ಹಿಂದೆ ಒಂದು ತಂತಿಯ ಸುರುಳಿ, ಅದರ ಸುತ್ತ ಅಯಸ್ಕಾಂತ. ಕರೆಂಟು ಹರಿದಾಗ ಸುರುಳಿ ನಡುಗಿ ಕಾಗದವನ್ನು ನಡುಗಿಸುತ್ತದೆ, ಅದು ಗಾಳಿಗೆ ತಾಗಿ ನಮಗೆ ದನಿಯಾಗುತ್ತದೆ. ಆದರೆ ಅದೇ ಹೊತ್ತಿಗೆ, ಅದೇ ಮಾತು, ಕಾಂತದ ಸೆಳೆತವಾಗಿಯೂ ಸುತ್ತ ಹೊರಗೆ ಬರುತ್ತಿರುತ್ತದೆ. ಇನ್ನೊಂದು ಸುರುಳಿಯನ್ನು ಹತ್ತಿರ ಹಿಡಿದರೆ ಸಾಕು, ಮುಟ್ಟದೆಯೇ, ವಯರು ಕೂಡಿಸದೆಯೇ, ಆ ಮಾತು ಇದರೊಳಗೆ ಕರೆಂಟಾಗಿ ಹುಟ್ಟುತ್ತದೆ.

ರೇಡಿಯೋ ಹಾಕಿ, ಕಾಯಿಲ್ ಹತ್ತಿರ ಹಿಡಿದು, ನನ್ನ ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿದರು. ರೇಡಿಯೋದ ಹೆಂಗಸು ನನ್ನ ತಲೆಯೊಳಗೇ ಕೂತು ವಾರ್ತೆ ಓದಿದಳು. ಮಾಮ ಎದುರಿಗೆ ನಿಂತು ಚಪ್ಪಾಳೆ ತಟ್ಟಿದರು. ಬಾಯಿ ತೆರೆದು ಏನೋ ಕೂಗಿದರು. ಕಂಡಿತು, ಕೇಳಲಿಲ್ಲ. ಹೆಡ್‌ಫೋನ್ ತೆಗೆದಾಗ ನಗುತ್ತಿದ್ದರು.

“ಕಾಯಿಲ್‌ಗೆ ಕಿವಿ ಇಲ್ಲ ತಂಗಿ. ನನ್ನ ಹಾಂಗೇಯ. ಅಪ್ಪನ್ನೂ ಕರ್ಕಂಡ್ ಬಾ. ಅವ್ರು ಎಷ್ಟು ಬೇಕಾದ್ರೂ ಉತ್ರ ಕೊಡ್ಲಿ.”

ಮರುದಿನ ಅರ್ಧ ದಿನದ ರಜೆ ಹಾಕಿದೆ. ಅಪ್ಪ ಅಂಗಿಯ ಕಿಸೆಯಲ್ಲಿ ಫೋನು, ಚೀಲದಲ್ಲಿ ಗುಳಿಗೆ, ನೀರಿನ ಬಾಟಲಿ ಇಟ್ಟುಕೊಂಡು ಬಂದ. ದಾರಿಯುದ್ದಕ್ಕೂ ಕಿಸೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಮಾಮ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅಂಗಡಿಯ ಮೇನ್ ಸ್ವಿಚ್ಚನ್ನೇ ಇಳಿಸಿದರು. ಟ್ಯೂಬ್‌ಲೈಟಿನ ಚೋಕು, ಫ್ಯಾನು ಎಲ್ಲದರ ಗುಂಯ್‌ಗುಟ್ಟುವಿಕೆ ಕಾಯಿಲ್ಲಿಗೆ ತಗಲುತ್ತದಂತೆ. ನನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಸಿದರು. ಕಾಯಿಲ್ಲಿನ ದನಿ ಏರಿಸಲು ಒಂದು ಚಿಕ್ಕ ಪೆಟ್ಟಿಗೆ, ಸೆಲ್ಲಿನ ಮೇಲೆ ನಡೆಯುವಂಥದ್ದು, ಅದರಿಂದ ಒಂದು ವಯರು ನನ್ನ ಫೋನಿಗೆ, ಒಂದು ನನ್ನ ಕಿವಿಗೆ. ಕಾಯಿಲ್ಲನ್ನು ಅವ್ವನ ಫೋನಿನ ಬೆನ್ನ ಮೇಲೆ ಇಂಚಿಂಚಾಗಿ ಸರಿಸಿ, ಒಂದು ಕಡೆ ಇಟ್ಟು ಟೇಪು ಹಚ್ಚಿದರು. ಅರೆಗತ್ತಲೆ, ಸೆಕೆ. ಇಬ್ಬರ ಜಾಗದಲ್ಲಿ ಮೂವರೂ ಒತ್ತಿಕೊಂಡು ಬೆವರುತ್ತ ಕೂತೆವು.

ನಾಲ್ಕಾಯಿತು.

“ಕೇಳ್ತಾ?”

ಅಯ್ಯೋ, ಹೇಗೆ ಹೇಳಲಿ ಅದನ್ನು. ಹೂವಿನ ಅಂಗಡಿ ಇಲ್ಲ, ರಿಕ್ಷಾ ಇಲ್ಲ, ಕಾರವಾರವೇ ಇಲ್ಲ. ಅವ್ವ ನನ್ನ ಕಿವಿಯೊಳಗೆ ನಿಂತಿದ್ದಳು. ಅವಳು ಉಸಿರು ತೆಗೆದುಕೊಂಡದ್ದು ಕೇಳಿತು. ಬಳೆ ಕೇಳಿತು. ಆ ಕೋಳಿಯ ರೆಕ್ಕೆ ಕೇಳಿತು. ಫೋನಿನ ಸ್ಪೀಕರಿನಲ್ಲಿ ದಿನಾ ಕೇಳಿದ್ದರೂ ಇಷ್ಟು ಹತ್ತಿರ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಕಣ್ಣೀರಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಅಪ್ಪ ಗುಳಿಗೆ ಬಾಯಿಗೆ ಹಾಕಿಕೊಂಡು ತಲೆಯಾಡಿಸುತ್ತಿದ್ದ. ಮಾಮ ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು. ಅವ್ವ ಮೂರು ಸಲ ಹೇಳಿ ಮುಗಿಸುವವರೆಗೂ ಅವರು ಮಾತು ನಿಲ್ಲಿಸಲಿಲ್ಲ. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು. ನನಗೆ ಅವ್ವ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ…

ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, ಮಾಮ ಏನು ಹೇಳುತ್ತಿದ್ದರು ಎಂದು. ಅಪ್ಪ ಕಿಸೆಯ ಫೋನನ್ನು ಮುಟ್ಟಿ ನೋಡಿಕೊಂಡು ಹೇಳಿದ.

“ಪಾಪ, ಅವ್ನ ಹೆಂಡ್ತೀನೂ ಇಲ್ಲ. ಊರಿನ ರೇಡಿಯೋ ಎಲ್ಲ ರಿಪೇರಿ ಮಾಡ್ದೆ, ಅವ್ಳದ್ದು ಒಂದು ಮಾತು ಹಿಡಿದಿಡ್ಲಿಲ್ಲ ಅಂದ. ಅವ್ಳು ಹೋಗೂಕಿಂತ ಮೊದ್ಲೇ ಕಿವಿ ಹೋಗಿತ್ತಂತೆ. ಈಗ ಅವ್ಳ ದನಿ ಹ್ಯಾಂಗಿತ್ತು ಅಂದೇ ನೆನಪಾಗೂದಿಲ್ಲಂತೆ.”

ಅಂಗಡಿಯಿಂದ ಹೊರಡುವಾಗ ಮಾಮ ಕಾಯಿಲ್ಲನ್ನು ಬಿಚ್ಚಿ ನನ್ನ ಕೈಗೇ ಕೊಟ್ಟಿದ್ದರು. “ಇಟ್ಕಾ, ನಂಗೆ ಇನ್ನೊಂದು ಸುತ್ತೂಕೆ ಎಷ್ಟು ಹೊತ್ತು?” ಎಂದಿದ್ದರು. ಎಷ್ಟು ಕೇಳಿದರೂ ಏನೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಪ್ಪ, ಹಣ್ಣಿನ ಕಾಲಕ್ಕೆ ನಮ್ಮ ಮರದ ಈಶಾಡ ಮಾವಿನಹಣ್ಣು ಒಂದು ಬುಟ್ಟಿ ಮಗಳ ಕೈಯಲ್ಲಿ ಕಳಿಸುತ್ತೇನೆ ಎಂದ. ಅದಕ್ಕೆ ಮಾತ್ರ ಮಾಮ ಬಾಯ್ತುಂಬ ನಕ್ಕು “ಮರೂಕಾಗ ಮತ್ತೆ” ಎಂದರು.

ಅವ್ವನ ಫೋನು ಅದಾಗಿ ಹದಿನೈದು ದಿನವೂ ಬಾಳಲಿಲ್ಲ. ಒಂದು ದಿನ ನಾಲ್ಕಕ್ಕೆ ಅದು ಸುಮ್ಮನೇ ಇತ್ತು. ಅಪ್ಪನಿಗೆಂದು ತಂದು, ಆ ರೆಕಾರ್ಡಿಂಗನ್ನೇ ಅಲಾರಂ ಮಾಡಿ ಪಕ್ಕದಲ್ಲಿಟ್ಟಿದ್ದ ಹೊಸ ಫೋನು ಮಾತಾಡಿತು. ಅಪ್ಪ ಒಂದು ಗಳಿಗೆ ಹಳೆಯದನ್ನು ನೋಡಿ, ಹೊಸದಕ್ಕೆ “ತಕಂಡೆ” ಎಂದ.

ಆ ವರ್ಷ ಮರ ತುಂಬ ಹಣ್ಣಿತ್ತು. ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಲು ನನಗೆ ಬೇಸರ. ಈ ವಾರ, ಮುಂದಿನ ವಾರ ಎನ್ನುತ್ತ ಮಳೆ ಬಿದ್ದು ಹಣ್ಣಿಗೆ ಹುಳ ಬಿತ್ತು. ಓಣಿಯ ಬಾಯಿಯಲ್ಲಿ ದಿನಾ ಹಾಯುವವಳು ನಾನು. ಬರಿಗೈಯಲ್ಲಿ ಮುಖ ತೋರಿಸಲು ನಾಚಿಕೆಯಾಗಿ, ಆಚೆ ರಸ್ತೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದೆ. ಎಂಥ ದಡ್ಡತನ! ಮರುವರ್ಷ ಮೊದಲ ಹಣ್ಣಿಗೇ ಬುಟ್ಟಿ ತುಂಬಿಕೊಂಡು ಹೋದೆ. ಗೂಡಿನಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಹೂವಿನ ಬಾಯಮ್ಮ ನನ್ನನ್ನು ಗುರುತು ಹಿಡಿದಳು. “ಮಳೆಗಾಲದಲ್ಲೇ ತೀರಿಹೋದ್ರಲ್ಲೇ. ಹೋಗೂಕೆ ಮೊದ್ಲು ಒಂದೆರಡು ಸಲ ಕೇಳಿದ್ರು, ಆ ಅಂಕೋಲೆ ಹುಡ್ಗಿ ಬರ್ಲಿಲ್ಲ ಅಂತ,” ಎಂದಳು. ಬುಟ್ಟಿಯನ್ನು ಅವಳ ಹತ್ತಿರವೇ ಇಟ್ಟು ಬಂದೆ. “ಈಗ ಓಣಿ ಎಷ್ಟು ಸುಮ್ಮಂಗದೆ ನೋಡು,” ಎಂದಳು, ದಿನಕ್ಕೆ ಹತ್ತು ಸಲ ಮೂಗು ಮುರಿಯುತ್ತಿದ್ದವಳು.

ಕಳೆದ ವಾರ ಕಾಯಿಲ್ ಸಿಕ್ಕಿದ ದಿನ ಅವತ್ತಿನ ರೆಕಾರ್ಡಿಂಗನ್ನು ಪೂರ್ತಿ ಹಾಕಿ ಕೇಳಿದೆ. ಅಲಾರಮ್ಮಿಗೆ ಕತ್ತರಿಸಿದ ತುಂಡಲ್ಲ, ಉದ್ದಕ್ಕೂ ಇರುವ ಮೂಲದ್ದು. ಅವ್ವ ಮೂರು ಸಲ ಹೇಳುತ್ತಾಳೆ. ಮಾಮ ಅಷ್ಟು ಹೊತ್ತೂ ಅದರಿಂದ ಒಂದು ಮೊಳ ದೂರದಲ್ಲಿ ಕೂತು, ಆ ದೊಡ್ಡ ದನಿಯಲ್ಲಿ, ತಮ್ಮ ಹೆಂಡತಿಯ ಬಗ್ಗೆ ಹೇಳುತ್ತಿದ್ದರು. ಫೋನನ್ನು ಕಿವಿಗೆ ಒತ್ತಿ, ದನಿ ಪೂರ್ತಿ ಏರಿಸಿ ಕೇಳಿದೆ. ಒಂದು ಉಸಿರಾದರೂ, ಒಂದು ‘ರಾವ್’ ಆದರೂ ಇದ್ದೀತೆಂದು. ಏನೂ ಇಲ್ಲ. ಅವರು ಇದ್ದದ್ದು ಮೊದಲ ದಿನದ ಆ ಕೆಟ್ಟ ರೆಕಾರ್ಡಿಂಗಿನಲ್ಲಿ. ಅದರ ತುಂಬ ಅವರೇ ಇದ್ದರು. ಅದನ್ನು ನಾನೇ ಬಸ್ಸಿನಲ್ಲಿ ಕೂತು, ಸಿಟ್ಟಿನಲ್ಲಿ, ಈ ಬೆರಳಿನಿಂದಲೇ ಅಳಿಸಿದೆ. ಅವರ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡುತ್ತೇನೆ. ದೊಡ್ಡದಿತ್ತು ಎನ್ನುವುದು ಗೊತ್ತು. ಅದರಾಚೆ… ಈಗೀಗ ಆಗುತ್ತಿಲ್ಲ.

ಅಷ್ಟರಲ್ಲಿ ನಾಲ್ಕಾಯಿತು. ಮಾಡಿನ ಕೆಳಗಿನಿಂದ ಅವ್ವ ಕರೆದಳು. ಅಪ್ಪ ಗುಳಿಗೆ ನುಂಗಿದ, ಕೋಳಿಯನ್ನು ಓಡಿಸಿದ. ನಮ್ಮಲ್ಲಿ ಕೋಳಿ ಇಲ್ಲದೆ ಎಷ್ಟೋ ವರ್ಷವಾಯಿತು. ನನ್ನ ಕೈಯಲ್ಲಿದ್ದ ಕಾಯಿಲ್ಲನ್ನು ನೋಡಿ ಗುರುತು ಹಿಡಿದ.

“ಆ ರೇಡಿಯೋದವಂಗೆ ಈ ವರ್ಷ ಹಣ್ಣು ಕೊಟ್ಟು ಬಂದ್ಯಾ?” ಎಂದು ಕೇಳಿದ. ಹೆಚ್ಚು ಕಡಿಮೆ ಪ್ರತಿ ವರ್ಷ ಕೇಳುತ್ತಾನೆ. ನಾನು ಅವನಿಗೆ ಇನ್ನೂ ಹೇಳಿಲ್ಲ.

“ಹೂಂ,” ಎಂದೆ.